ಪುಣೆಯ ಹೋಟೆಲಿನಲ್ಲಿ ಗೊಳಸಂಗಿಯ ರೊಟ್ಟಿ

ಉಣ್ಣಲು ಹೆಸರು ಬರೆಸಿ ಬಾಗಿಲಲ್ಲಿ ಕಾಯಬೇಕೆಂದು ನನಗೆ ಗೊತ್ತಾದದ್ದು ಪುಣೆಗೆ ಬಂದ ಆರನೇ ವರ್ಷ. ನಮ್ಮೂರು ಇಂಡಿಯ ಖಾನಾವಳಿಯಲ್ಲಿ ಹೊಸ್ತಿಲು ದಾಟುವ ಮೊದಲೇ "ಬರ್ರಿ, ಕೂಡ್ರಿ" ಎಂದು ತಾಟು ಇಡುತ್ತಾರೆ. ಇಲ್ಲಿ ಕಪ್ಪು ಕೋಟಿನ ಹುಡುಗಿಯೊಬ್ಬಳು ಹೆಸರು ಬರೆದುಕೊಂಡು ನಮ್ಮನ್ನು ಮುಕ್ಕಾಲು ಗಂಟೆ ಹೊರಗೆ ನಿಲ್ಲಿಸಿದಳು. ಕಾಯುತ್ತಿದ್ದವರ ಮುಖದಲ್ಲಿ ಬೇಸರವಿರಲಿಲ್ಲ. ಒಂದು ಬಗೆಯ ಹೆಮ್ಮೆಯೇ ಇತ್ತು.

ಅಂದು ಭಾನುವಾರ ಮಧ್ಯಾಹ್ನ. ನಾನು ಗಣಿತ ಕಲಿಸುವ ಶಾಲೆಯ ಹೆಡ್‌ಮಿಸ್ ನಿವೃತ್ತರಾಗಿದ್ದರು. ಆ ಖುಷಿಗೆ ನಮ್ಮನ್ನು, ಏಳು ಜನ ಶಿಕ್ಷಕಿಯರನ್ನು, ಊಟಕ್ಕೆ ಕರೆದಿದ್ದರು.

ನನ್ನ ಮನೆಮಾತು ಮರಾಠಿ. ಇಂಡಿಯಲ್ಲಿ ಓಣಿಯವರಿಗೆ ನಾವು 'ಮರಾಠಿ ಮಂದಿ'. ಗಂಡನಿಗೆ ಪುಣೆಗೆ ವರ್ಗವಾದಾಗ, ಮನೆ ಸಿಗುವುದು ಕಷ್ಟವಾದೀತು, ಮಾತಿನ ಚಿಂತೆಯಂತೂ ಇಲ್ಲ ಅಂದುಕೊಂಡಿದ್ದೆ. ಆದದ್ದು ತಿರುವುಮುರುವು. ಮನೆ ವಾರದೊಳಗೆ ಸಿಕ್ಕಿತು. ಆದರೆ 'ಏನು ಮಾಡಾಕತ್ತಿ' ಎನ್ನುವುದಕ್ಕೆ ನಮ್ಮ ಕಡೆಯಂತೆ 'ಕಾಯ್ ಕರಾಯ್ಲೈಸ್' ಅಂದರೆ ಸ್ಟಾಫ್ ರೂಮಿನಲ್ಲಿ ನಗು. 'ಕಾಯ್ ಕರ್ತೇಸ್' ಅನ್ನಬೇಕೆಂದು ತಿದ್ದುತ್ತಿದ್ದರು. ಅಮ್ಮ ಕಲಿಸಿದ ಮಾತು ತಪ್ಪು ಲೆಕ್ಕದಂತಾಯಿತು. ಬಾಯಿ ತೆರೆಯುವ ಮೊದಲು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ಆಡಿ ನೋಡುವ ರೂಢಿ ಬಿದ್ದಿತು.

ಹೋಟೆಲಿನ ಒಳಗೆ ಹಾಡು, ನಗು, ತಾಟುಗಳ ಸದ್ದು. ನಡುವೆ ಒಂದು ಎತ್ತರದ ಕಟ್ಟೆ. ಅದರ ಮೇಲೆ ಇಳಕಲ್ ಸೀರೆಯುಟ್ಟ, ಐವತ್ತರ ಆಸುಪಾಸಿನ ಹೆಂಗಸು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಉಣ್ಣುತ್ತಿದ್ದವರು ಅರ್ಧಕ್ಕೇ ಎದ್ದು ಹೋಗಿ ಮೊಬೈಲಿನಲ್ಲಿ ಅವಳ ಚಿತ್ರ ಹಿಡಿಯುತ್ತಿದ್ದರು. ರೊಟ್ಟಿಯನ್ನು ಅವಳೇ ಮೇಜಿಗೆ ತಂದು ಹಾಕುತ್ತಿದ್ದಳು. ನಮ್ಮ ಮೇಜಿಗೆ ಬಂದಾಗ, "ಥಾಂಬ್ರಿ, ಗರಂ ಐತಿ, ಹಾತ್ ಸುಡ್ತೈತಿ" ಅಂದಳು. ಥಾಂಬ್ ಅಂದರೆ ತಡೆ, ಹಾತ್ ಅಂದರೆ ಕೈ; ಎರಡಕ್ಕೂ ಕನ್ನಡ ಬೆಸೆದಿದ್ದಳು. ಯಾರೂ ತಿದ್ದಲಿಲ್ಲ. ನನ್ನ 'ಕರಾಯ್ಲೈಸ್'ಗೆ ನಕ್ಕಿದ್ದವರೇ ಅವಳ ಮಾತನ್ನು ಮುದ್ದಿನಿಂದ ಮತ್ತೆ ಮತ್ತೆ ಆಡಿ ನೋಡಿದರು. ಎಷ್ಟು ಸೊಗಸು, ಎಷ್ಟು ಅಪ್ಪಟ ಮಾತು ಅಂದರು.

ನನಗೆ ಹೊಟ್ಟೆ ಉರಿಯಿತು. ರೊಟ್ಟಿ ಮೆತ್ತಗಿತ್ತು, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ನಮ್ಮ ಮನೆಯದರಂತೆಯೇ ಇತ್ತು. ಅದು ಚೆನ್ನಾಗಿದೆ ಎಂಬುದೂ ನನಗೆ ಸಹಿಸಲಾಗಲಿಲ್ಲ. ಹಿಂಡಿಗೆ ಎಣ್ಣೆ ಹಾಕಿ ಬೆರಳಿನಿಂದ ಕಲಸುತ್ತಿದ್ದ ನನ್ನನ್ನು ನೋಡಿ ಅವಳು ನಿಂತಳು.

"ಬಾಯಾರ, ಯಾ ಊರ್ರಿ ನಿಮ್ದು?"

"ಮೀ ಇಥಲೀಚ್," ಅಂದೆ. ನಾನು ಇಲ್ಲಿಯವಳೇ, ಎಂದು.

ಹೆಡ್‌ಮಿಸ್ ನಗುತ್ತ, ಇವಳು ನಿಮ್ಮ ಕಡೆಯವಳೇ, ಇಂಡಿಯವಳು, ಎಂದು ಹೇಳಿಬಿಟ್ಟರು. ರೊಟ್ಟಿಯವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಹೋದಳು.

ಊಟ ಮುಗಿದ ಮೇಲೆ ಒಬ್ಬಳೇ ಕಟ್ಟೆಯ ಬಳಿ ಹೋದೆ. ಹೆಸರು ಕೇಳಿದೆ. ಗೌರವ್ವ, ನಮ್ಮ ಕಡೆಯದೇ ಹಳ್ಳಿ ಗೊಳಸಂಗಿಯವಳು. ಕಟ್ಟಡದ ಕೆಲಸಕ್ಕೆ ಬಂದ ಗಂಡನ ಜೊತೆ ಬಂದವಳು, ಈ ಹೋಟೆಲಿಗೆ ಸೇರಿ ಎರಡು ವರ್ಷವಾಗಿತ್ತು. ಸುಳ್ಳು ಹೇಳಿದ್ದು ತಪ್ಪಾಯಿತು ಅಂದೆ. ಮನೆಯಲ್ಲಿ ಯಾವ ಮಾತು ಎಂದು ಕೇಳಿದಳು. ಮರಾಠಿ ಅಂದೆ. ಅವಳ ಹಿಟ್ಟಿನ ಕೈ ನಿಂತಿತು.

"ಹಂಗಾರ ಸುಳ್ಳೇನ್ ಹೇಳೀರಿ? ನೀವು ಇಲ್ಲೀವ್ರ ಅದೀರಿ," ಅಂದಳು. "ನಾ ಎಷ್ಟ್ ವರ್ಸ ಇದ್ರೂ ಗೊಳಸಂಗಿಯಾಕೀನ."

ಅಷ್ಟು ಹೇಳಿ ಮುಂದಿನ ರೊಟ್ಟಿ ಬಡಿಯತೊಡಗಿದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ತಿರುಗಿ ಬರುವಾಗ ಕಾರಿನಲ್ಲಿ ಗೆಳತಿಯರು ಇನ್ನೂ 'ಸುಡ್ತೈತಿ' ಎನ್ನುತ್ತಲೇ ಇದ್ದರು; ಸರಿಯಾಗಿ ಹೇಗೆ ಅನ್ನಬೇಕೆಂದು ನನ್ನನ್ನೇ ಕೇಳಿದರು, ನಾನು ಹೇಳಿಕೊಟ್ಟೆ.

ಆರು ವರ್ಷದಲ್ಲಿ ನನ್ನನ್ನು ಈ ಊರಿನವಳೆಂದು ಒಪ್ಪಿಕೊಂಡದ್ದು ಅವಳೊಬ್ಬಳೇ, ಅದೂ ಕನ್ನಡದಲ್ಲಿ. ಖುಷಿಯಾಗಬೇಕಿತ್ತು. ಆದರೆ ತನ್ನ ಊರಿನ ಹೆಸರು ಹೇಳಲು ಅವಳು ಒಂದು ಗಳಿಗೆಯೂ ತಡೆಯಲಿಲ್ಲವಲ್ಲ, ಅದಕ್ಕೇ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.