ಚಂದ್ರನ ಮೇಲೆ ಕಾಲಿಟ್ಟ ಸೋಮವಾರ

ಜೀವನದಲ್ಲಿ ನಾನು ತಡವಾಗಿ ಹೋದದ್ದು ಒಂದೇ ಸಲ. ಅದಕ್ಕೆ ಚಂದ್ರ ಕಾರಣ.

ಡ್ರಿಲ್ ಮಾಸ್ತರನಾಗಿ ಸೀಟಿ ಊದಿ ನಿವೃತ್ತನಾದವನು ನಾನು. ಈಗಲೂ ಹಾಸಿಗೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚದೆ ಚಹಾ ಮುಟ್ಟುವುದಿಲ್ಲ. ಗೋಡೆಯ ಗಡಿಯಾರ ನಿಂತರೆ ಹೆಂಡತಿ ನಾನು ಏನು ಮಾಡುತ್ತಿದ್ದೇನೆಂದು ನೋಡಿ ಮುಳ್ಳು ತಿರುಗಿಸುತ್ತಾಳೆ. ಇಂಥವನು ತಡ ಮಾಡಿದ್ದು ಐತಿಹಾಸಿಕ ಘಟನೆಯೇ ಅಲ್ಲವೇ? ಆದ್ದರಿಂದ ಅದರ ವಾರ್ಷಿಕೋತ್ಸವವನ್ನು ಪ್ರತಿ ಜುಲೈ ಇಪ್ಪತ್ತೊಂದರಂದು ತಪ್ಪದೆ ಆಚರಿಸುತ್ತೇನೆ.

ಈಗ ಆಚರಣೆಗಳಿಗೇನು ಬರ? ಮೊಬೈಲು ತೆರೆದರೆ ಒಂದು ದಿನ ಕೈ ತೊಳೆಯುವ ದಿನ, ಇನ್ನೊಂದು ದಿನ ಮೊಟ್ಟೆಯ ದಿನ. ಯಾವುದೋ ಸಿನಿಮಾಕ್ಕೆ ಐವತ್ತು ತುಂಬಿತೆಂದು ಅದನ್ನು ನೋಡದವರೇ ಕೇಕು ಕತ್ತರಿಸುತ್ತಾರೆ. ಕತ್ತರಿಸಲಿ. ನನ್ನ ತಕರಾರು ಇಷ್ಟೇ: ದಿನ ಆಚರಿಸುವುದಾದರೆ ಸರಿಯಾದ ದಿನ ಆಚರಿಸಿ. ಮನುಷ್ಯ ಚಂದ್ರನ ಮೇಲೆ ಇಳಿದದ್ದು ಜುಲೈ ಇಪ್ಪತ್ತು ಎಂದು ಜಗತ್ತು ಹೇಳುತ್ತದೆ. ಹೇಳಿಕೊಳ್ಳಲಿ. ನಮ್ಮ ಸುರಪುರದಲ್ಲಿ ಅದು ಇಪ್ಪತ್ತೊಂದು.

ಆಗ ನಾನು ಆರನೆಯ ತರಗತಿ. ಶಾಲೆಯ ದಾರಿಯಲ್ಲಿ ಟೇಲರ್ ಲಾಲ್‌ಸಾಬರ ಅಂಗಡಿ. ಆ ಬೆಳಿಗ್ಗೆ ಅವರ ಹೊಲಿಗೆಯಂತ್ರ ನಿಂತಿತ್ತು, ರೇಡಿಯೋ ನಡೆದಿತ್ತು, ಕಟ್ಟೆಯ ತುಂಬ ಜನ.

"ಇಳದಾನಂತ! ಕಾಲಿಟ್ಟಾನಂತ!" ಎಂದು ಲಾಲ್‌ಸಾಬರು ಕೂಗಿದರು.

ಪಕ್ಕದ ಕಿರಾಣಿ ಸಾಹುಕಾರರು ಹೊರಗೆ ಬಂದು ಆಕಾಶ ನೋಡಿದರು. "ಎಲ್ಲೋ ಲಾಲ್ಯಾ, ಚಂದ್ರನೇ ಕಾಣವಲ್ಲ?"

"ಅಂವ ನಿಮ್ಮ ಅಂಗಡಿ ಮ್ಯಾಲ ಇಳದಿಲ್ರಿ ಸಾಹುಕಾರ್ರ, ಒಳಗ ನಡೀರಿ."

ಬಾಯಿ ತೆರೆದು ನಿಂತ ನಾನು ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ತರರು ಕಾರಣ ಕೇಳಿದರು, ಹೇಳಿದೆ. "ಅಂವ ಚಂದ್ರನ ತನಕ ಟೈಮಿಗೆ ಮುಟ್ಟ್ಯಾನ. ನಿನಗ ಓಣಿಯಿಂದ ಸಾಲಿಗಿ ಮುಟ್ಟಾಕ ಏನಾಗಿತ್ತಲೇ?" ಎಂದು ಬೆತ್ತ ಎತ್ತಿದರು. ಬೆನ್ನ ಮೇಲೆ ಏಟು ಬಿದ್ದವು. ನಾನು ಡ್ರಿಲ್ ಮಾಸ್ತರನಾದದ್ದು ಬಹುಶಃ ಅದಕ್ಕೇ.

ಲಾಲ್‌ಸಾಬರ ಅಂಗಡಿಯನ್ನು ಈಗ ಅವರ ಮಗ ಮಹಬೂಬ ನಡೆಸುತ್ತಾನೆ. ಅವನ ಮಗಳು ನಸ್ರೀನ್ ಹೈಸ್ಕೂಲು ಹುಡುಗಿ. ನನ್ನ ಹಳೆಯ ಕತೆಗಳನ್ನು ಆಕಳಿಸದೆ ಕೇಳುವ ಏಕೈಕ ಪ್ರಾಣಿ. ಹೋದ ವರ್ಷ ಅವಳು ಶಹಾಪುರದ ಒಂದು ರಸಪ್ರಶ್ನೆ ಸ್ಪರ್ಧೆಗೆ ಹೋದಳು, ಜೊತೆಗೆ ನಾನು. ಗೆದ್ದವರು ಕಲಬುರಗಿಯ ಸ್ಪರ್ಧೆಗೆ. ಅಲ್ಲಿಗೆ ಹೋಗಬೇಕೆಂದು ತಿಂಗಳುಗಟ್ಟಲೆ ಓದಿದ್ದಳು. ಕೊನೆಯ ಪ್ರಶ್ನೆ ಅವಳ ಪಾಲಿಗೆ ಬಂತು: ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ ಯಾವುದು?

"ಜುಲೈ ಇಪ್ಪತ್ತೊಂದು."

"ತಪ್ಪು" ಎಂದರು ಪ್ರಶ್ನೆ ಕೇಳುತ್ತಿದ್ದ ಗುರುಗಳು. ಹುಡುಗಿ ಹಿಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿದಳು. ಆ ತಾರೀಖು ನನ್ನದು. ಎದ್ದು ನಿಂತೆ.

"ಸರ, ಆ ವರ್ಷ ಜುಲೈ ಇಪ್ಪತ್ತು ರವಿವಾರ. ತಡ ಆತಂತ ನನಗ ಏಟು ಬಿದ್ದಾವ. ರವಿವಾರ ಯಾವ ಸಾಲ್ಯಾಗ ಹೊಡಿತಾರ್ರಿ?"

ಸಭೆ ನಕ್ಕಿತು. ಗುರುಗಳು ಹೇಳಿದರು: "ಮಾಸ್ತರ್ರ, ಪುಸ್ತಕದಾಗ ಇಪ್ಪತ್ತಂತ ಅದ. ನಿಮ್ಮ ಬೆನ್ನ ನೋಡಿ ಮಾರ್ಕ್ಸ್ ಕೊಡಾಕ ಬರಾಂಗಿಲ್ರಿ."

ಆಗ ನಸ್ರೀನ್ ಕೇಳಿದಳು: "ಸರ್, ಆಗಸ್ಟ್ ಹದಿನೈದಕ್ಕ ಝಂಡಾ ಹಾರಸ್ತೀರಿ. ಮತ್ತ ಸೆಪ್ಟೆಂಬರ್ ಹದಿನೇಳಕ್ಕ ಯಾಕ ಹಾರಸ್ತೀರಿ?"

"ಅವತ್ತಲ್ಲವಾ ನಿಜಾಮನ ಆಳಿಕಿ ಮುಗದದ್ದು? ನಮ್ಮ ಭಾಗಕ್ಕ ಸ್ವಾತಂತ್ರ್ಯ ಬಂದದ್ದು ಅವತ್ತು."

"ಹಂಗಾದ್ರ ಚಂದ್ರನ ತಾರೀಖೂ ನಮ್ಮದು ಬ್ಯಾರೆ ಇರಬಾರದೇನ್ರಿ? ಅಮೆರಿಕದಾಗ ರವಿವಾರ ರಾತ್ರಿ ಇದ್ದಾಗ ಇಲ್ಲಿ ಸೋಮವಾರ ಮುಂಜಾನಿ ಆಗಿತ್ತು."

ಸಭೆ ಈ ಸಲ ನಗಲಿಲ್ಲ. ದೇಶಕ್ಕೆಲ್ಲ ಬಂದ ಸ್ವಾತಂತ್ರ್ಯಕ್ಕೆ ವರ್ಷದ ಮೇಲೂ ಕಾದ ನೆಲ ಇದು. ಒಂದೇ ಸಂಗತಿ ಊರೂರಿಗೆ ಬೇರೆ ಬೇರೆ ದಿನ ಬಂದು ಮುಟ್ಟುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ.

ಗುರುಗಳು ಕೆಟ್ಟವರಲ್ಲ. ದನಿ ತಗ್ಗಿಸಿ, "ಈಗರ ಇಪ್ಪತ್ತು ಅಂದುಬಿಡವ್ವಾ, ಬರಕೋತೀನಿ" ಎಂದರು. ನಾನೂ ಹಿಂದಿನಿಂದ ಕೈ ಮಾಡಿದೆ: ಅನ್ನು, ಅನ್ನು!

"ಒಲ್ಲೆ ಸರ್. ನಮ್ಮ ಮಾಸ್ತರ್ರ ಏಟು ಸುಳ್ಳಾಗ್ತಾವ."

ಎರಡನೆಯ ಬಹುಮಾನದ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಕಲಬುರಗಿಗೆ ಇನ್ನೊಬ್ಬ ಹುಡುಗ ಹೋದ. "ತಪ್ಪು ಮಾಡಿದಿ, ಅನ್ನಬೇಕಿತ್ತು" ಎಂದೆ. "ನೀವಾಗಿದ್ರ ಅಂತಿದ್ರೇನು?" ಎಂದಳು. ಶಿಸ್ತಿನ ಮನುಷ್ಯ ಸುಳ್ಳು ಹೇಳಬಾರದು. ಕಿಟಕಿಯಾಚೆ ಭತ್ತದ ಗದ್ದೆ ನೋಡಿದೆ.

ಈ ವರ್ಷ ಜುಲೈ ಇಪ್ಪತ್ತೊಂದು ಮತ್ತೆ ಸೋಮವಾರವೇ ಬಂತು. ವಾಡಿಕೆಯಂತೆ ಬೆಳಿಗ್ಗೆ ಲಾಲ್‌ಸಾಬರ ಕಟ್ಟೆಯ ಮೇಲೆ ಹೋಗಿ ಕೂತೆ. ಯೂನಿಫಾರ್ಮು ತೊಟ್ಟ ನಸ್ರೀನ್ ಚೀಲ ಇಳಿಸಿ ಪಕ್ಕದಲ್ಲಿ ಕೂತಳು. ದೂರದಲ್ಲಿ ಅವಳ ಶಾಲೆಯ ಗಂಟೆ ಹೊಡೆಯಿತು.

"ಏಳು, ತಡ ಆಗಾಕತ್ತದ!" ಎಂದೆ, ಹಳೆಯ ಸೀಟಿಯ ದನಿಯಲ್ಲಿ.

"ಆಗಲಿ ಬಿಡ್ರಿ. ಶಹಾಪುರದಾಗ ನಿಮ್ಮೊಬ್ಬರ ಸಾಕ್ಷಿ ಅವರು ನಂಬಲಿಲ್ಲ. ತಡ ಆದ ನಂದೂ ಒಂದು ಇರಲಿ."

ಜನ್ಮದಲ್ಲಿ ಮೊದಲ ಸಲ, ತಡ ಮಾಡುವ ವಿದ್ಯಾರ್ಥಿಗೆ ನಾನು ಸರಿದು ಜಾಗ ಕೊಟ್ಟೆ.