ಶ್ರುತಿಗೆ ಕೂರಿಸಿದ ಸೈಲೆನ್ಸರ್

ಅಣ್ಣನ ವೈಕುಂಠ ಸಮಾರಾಧನೆಗೆ ಬಂದವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, ಅವನು ಕಾರನ್ನು ಗಾಳಿಯ ಹಾಗೆ ಓಡಿಸುತ್ತಿದ್ದ ಎಂದು ಹೊಗಳಿದರು. ಎಲೆಯ ಮುಂದೆ ಕೂತವರ ಜೊತೆ ಏನು ತಕರಾರು ಎಂದು ನಾನು ತುಪ್ಪ ಬಡಿಸುತ್ತ ಮುಂದೆ ಹೋದೆ. ಅವನು ಜೀವಮಾನದಲ್ಲಿ ಓಡಿಸಿದ್ದು ಒಂದೇ ರೇಸು. ಅದರಲ್ಲಿ ಎಲ್ಲರಿಗಿಂತ ಕೊನೆಗೆ ಬಂದ.

ಆಗ ಎಂಬತ್ತರ ದಶಕ ಶುರುವಾಗಿತ್ತಷ್ಟೆ. ಬಸವನಗುಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಪ್ಪ ವೀಣೆ ಪಾಠ ಹೇಳುತ್ತಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಅಣ್ಣ ಒಂದು ಹಳೆಯ ಎರಡು ಬಾಗಿಲಿನ ಕಾರು ತಂದು ಸರಿಯಾಗಿ ಆ ಕೋಣೆಯ ಕಿಟಕಿಯ ಕೆಳಗೇ ನಿಲ್ಲಿಸಿದ. ಹಿಂದೊಮ್ಮೆ ರೇಸು ಗೆದ್ದ ಕಾರಂತೆ. ನಮ್ಮಲ್ಲಿಗೆ ಬರುವ ಹೊತ್ತಿಗೆ ಎಂಜಿನ್ ಕೆಟ್ಟು ಕೂತಿತ್ತು. ಚಾಮರಾಜಪೇಟೆಯ ಮೆಕ್ಯಾನಿಕ್ ಒಬ್ಬ ಗುಜರಿಯಿಂದ ದೊಡ್ಡ ಕಾರೊಂದರ ಎಂಜಿನ್ ತಂದು ಇದಕ್ಕೆ ಕೂರಿಸಿದ. ಊರಾಚೆ, ಹಿಂದೆ ವಿಮಾನ ಇಳಿಯುತ್ತಿದ್ದ ಹಳೇ ಮೈದಾನದಲ್ಲಿ ನಡೆಯುವ ರೇಸಿನಲ್ಲಿ ಅದನ್ನು ಓಡಿಸಬೇಕು, ಅಪ್ಪ ಬಂದು ನೋಡಬೇಕು ಎಂಬುದೇ ಅಣ್ಣನ ಆಸೆ.

ದೊಡ್ಡ ಎಂಜಿನ್ನಿನ ಹೊಗೆ ಸಲೀಸಾಗಿ ಹೊರಗೆ ಹೋಗಬೇಕೆಂದು ಮೆಕ್ಯಾನಿಕ್ ಅಗಲವಾದ ಸೈಲೆನ್ಸರ್ ಪೈಪ್ ಹಾಕಿದ. ಸ್ಟಾರ್ಟ್ ಮಾಡಿದಾಗ ಒಳಗೆ ಪಾಠ ನಿಂತಿತು. ಎದುರು ಮನೆಯ ನಿವೃತ್ತ ಹೆಡ್‌ಮಾಸ್ತರರು ಕಾಂಪೌಂಡ್ ಗೋಡೆ ಬಿತ್ತೆಂದು ಓಡಿಬಂದರು.

ಅಪ್ಪ ಬೈಯಲಿಲ್ಲ. ಹೊರಗೆ ಬಂದು ಕಣ್ಣು ಮುಚ್ಚಿ ಕೇಳಿದರು.

"ಶ್ರುತಿನೇ ಇಲ್ವಲ್ಲೋ ಇದಕ್ಕೆ. ಮೊದ್ಲು ಶ್ರುತಿಗೆ ಕೂರಿಸು. ಆಮೇಲೆ ನಾನು ಬರೋ ಮಾತು."

ಬೇರೆ ಬಡಾವಣೆಯ ಮಗನಾಗಿದ್ದರೆ ನಕ್ಕುಬಿಡುತ್ತಿದ್ದ. ನಮ್ಮವನು ಅದನ್ನೇ ಅಪ್ಪಣೆ ಎಂದುಕೊಂಡ. ಅಲ್ಲಿಂದ ಭಾನುವಾರ ಬಂತೆಂದರೆ ಮೆಕ್ಯಾನಿಕ್ ಬಗೆಬಗೆಯ ಪೈಪು ಹೊತ್ತು ತರುವುದು, ಅಪ್ಪ ಜಗಲಿಯ ಮೇಲೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂರುವುದು. ಜನ್ಮದಲ್ಲಿ ಸ್ಟೀರಿಂಗ್ ಮುಟ್ಟದ ಸಂಗೀತಪ್ರಿಯರೆಲ್ಲ ಗೇಟಿನ ಬಳಿ ನಿಂತು ಒಂದು ಪೈಪು ಗೊಗ್ಗರು, ಇನ್ನೊಂದು ಸೀಳುದನಿ ಎಂದು ತೀರ್ಪು ಕೊಟ್ಟರು. ನಮ್ಮಮ್ಮ ಅಷ್ಟೂ ಜನಕ್ಕೆ ಕಾಫಿ ಕೊಟ್ಟಳು. ಕೊನೆಗೆ ಉದ್ದನೆಯ, ಸಣ್ಣ ಬಾಯಿಯ ಪೈಪೊಂದು ಷಡ್ಜದಲ್ಲಿ ನಿಂತಿತು. ಅಪ್ಪ ತಲೆದೂಗಿದರು.

ಮೆಕ್ಯಾನಿಕ್ ತಲೆ ಚಚ್ಚಿಕೊಂಡ. "ಸಾರ್, ಇದ್ರಲ್ಲಿ ಎಂಜಿನ್ ಉಸಿರು ಕಟ್ಕೊಳ್ಳುತ್ತೆ. ರೇಸೋ ಕಛೇರಿನೋ, ಒಂದು ಹೇಳ್ಬಿಡಿ."

ಅಪ್ಪ ಬರುತ್ತಾರಲ್ಲ, ಇದೇ ಇರಲಿ ಎಂದ ಅಣ್ಣ. ಅಂಥ ಪೆದ್ದ ನನಗೆ ಇನ್ನೆಲ್ಲಿ ಸಿಗುತ್ತಾನೆ?

ರೇಸಿನ ದಿನ ಅಪ್ಪ ಕೊಡೆ ಹಿಡಿದು, ಕಿವಿಗೆ ಹತ್ತಿ ತುರುಕಿಕೊಂಡು ಬಂದರು. ಹಗ್ಗದ ಈಚೆ ಅವರ ಪಕ್ಕದಲ್ಲಿ ನಾನು ನಿಂತಿದ್ದೆ. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು, ಈಗಲೂ ಪೈಪು ಬಿಚ್ಚಿಬಿಡುತ್ತೇನೆ, ಕುದುರೆ ಹಾಗೆ ಓಡುತ್ತದೆ ಎಂದು ಅಂಗಲಾಚಿದ. ಅಣ್ಣ ನಮ್ಮ ಕಡೆ ನೋಡಿದ. ಅಪ್ಪ ಕಿವಿಯಿಂದ ಹತ್ತಿ ತೆಗೆಯುತ್ತಿದ್ದರು. ಅಣ್ಣ ಬೇಡವೆಂದು ಕೈ ಅಲ್ಲಾಡಿಸಿದ.

ಉಳಿದ ಕಾರುಗಳ ಡ್ರೈವರುಗಳು ಓಟ ಮುಗಿಸಿ, ಎಂಜಿನ್ ಆರಿಸಿ, ಸೋಡಾ ಕುಡಿಯುತ್ತಿದ್ದರು. ಆ ದೊಡ್ಡ ಮೈದಾನದಲ್ಲಿ ನಮ್ಮ ಕಾರೊಂದೇ ಗುಂಯ್ ಎನ್ನುತ್ತ ಬರುತ್ತಿತ್ತು. ಜನ ನಗುತ್ತಿದ್ದರು, ನಾನೂ ನಕ್ಕೆ. ಅಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.

ಕಾರು ಬಂದು ನಿಂತ ಮೇಲೆ ಹಗ್ಗ ದಾಟಿ ಹೋಗಿ ಕೇಳಿದರು: "ಮುಗೀತೇನೋ? ಇನ್ನೊಂದು ಸುತ್ತು ಇಲ್ವಾ?"

ಅಣ್ಣ ಬಗ್ಗಿ ಆ ಕಡೆಯ ಬಾಗಿಲು ತೆಗೆದ. ಅಪ್ಪ ಕೊಡೆ ಮಡಚಿ, ಪಂಚೆ ಎತ್ತಿ ಹಿಡಿದು ಒಳಗೆ ಕೂತರು.