ತಿರುವೊಟ್ಟಿಯೂರಿನ ಅನುವಾದ

ಬದುಕು, ವಿಜ್ಞಾನ, ಶಾಂತಿ ಇವುಗಳ ಬಗ್ಗೆ ನನ್ನ ವಿಚಾರ ಕೇಳಲು ಈಗ ಮನೆಗೇ ಜನ ಬರುತ್ತಾರೆ. ಮೊದಲೆರಡರ ಬಗ್ಗೆ ಎಷ್ಟು ಬೇಕಾದರೂ ಮಾತಾಡುತ್ತೇನೆ. ಶಾಂತಿಯ ಮಾತು ಬಂದರೆ ನನ್ನ ಪ್ರೊಫೆಸರು ನೆನಪಾಗಿ ಮೈ ಉರಿಯುತ್ತದೆ. ನಾನು ಭೌತವಿಜ್ಞಾನದಲ್ಲಿ ಹೆಸರು ಮಾಡಿದ್ದು ಜ್ಞಾನದ ಹಸಿವಿನಿಂದ ಎಂದು ಬರೆಯುವವರು ಬರೆದುಕೊಳ್ಳಲಿ. ಅದರಲ್ಲಿ ಅರ್ಧಕ್ಕರ್ಧ ಬರೀ ಹಟ.

ಐವತ್ತರ ದಶಕದಲ್ಲಿ ಎಂ.ಎಸ್ಸಿ. ಮುಗಿಸಿ ಮದರಾಸಿನಲ್ಲೇ ಆ ಪ್ರೊಫೆಸರ ಪ್ರಯೋಗಾಲಯ ಸೇರಿದೆ. ಬಲೂನಿಗೆ ಕಟ್ಟಿ ಮೇಲೆ ಕಳಿಸಿದ ಫೋಟೋ ಪ್ಲೇಟುಗಳು ಕೆಳಗೆ ಬಂದಮೇಲೆ, ಆಕಾಶದಿಂದ ಬರುವ ಸೂಕ್ಷ್ಮ ಕಣಗಳು ಅವುಗಳಲ್ಲಿ ಬಿಟ್ಟುಹೋದ ಗೆರೆಗಳನ್ನು ಮೈಕ್ರೋಸ್ಕೋಪಿನಲ್ಲಿ ಹುಡುಕುವುದು ನನ್ನ ಕೆಲಸ. ಹೆಣ್ಣುಮಕ್ಕಳಿಗೆ ತಾಳ್ಮೆ ಹೆಚ್ಚು ಎಂದು ಪ್ರೊಫೆಸರು ಈ ಕೆಲಸವನ್ನು ನಮಗೇ ಕೊಡುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ದಿನವಿಡೀ ಕತ್ತು ಬಗ್ಗಿಸಿ ಕೂರುತ್ತಿದ್ದೆ. ಒಂದು ಮಧ್ಯಾಹ್ನ, ನಡುವೆ ಮುರಿದು ಬೇರೆ ಕಡೆ ತಿರುಗಿದ ಗೆರೆಯೊಂದು ಸಿಕ್ಕಿತು. ನಮಗೆ ಗೊತ್ತಿದ್ದ ಯಾವ ಕಣದ ಲೆಕ್ಕಕ್ಕೂ ಅದು ಒಗ್ಗಲಿಲ್ಲ. ಹೊಸದಿರಬಹುದೆಂದು ಓಡಿಹೋಗಿ ಹೇಳಿದೆ. ಅವರು ಬಂದು ಬಗ್ಗಿ ನೋಡಿ, ಪ್ಲೇಟು ಸರಿಯಾಗಿ ತೊಳೆದಿಲ್ಲ, ಬರೀ ಕೊಳೆ ಎಂದು ಹೊರಟುಹೋದರು.

ಮುಂದಿನ ವರ್ಷ ಅದೇ ಗೆರೆ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು, ಅವರೊಬ್ಬರ ಹೆಸರಿನಲ್ಲಿ. ಕೊನೆಯಲ್ಲಿ ಮೈಕ್ರೋಸ್ಕೋಪು ಕೊಟ್ಟವರಿಗೂ ಕೃತಜ್ಞತೆ ಇತ್ತು, ನನಗಿರಲಿಲ್ಲ. ಕೇಳಿದ್ದಕ್ಕೆ ನಕ್ಕರು.

“ನೋಡೋದು ಬೇರೆ, ಅರ್ಥ ಮಾಡ್ಕೊಳ್ಳೋದು ಬೇರೆ ಅಮ್ಮಾ.”

ಅವರೂ ನಮ್ಮ ಹಾಗೆ ಮದರಾಸಿನಲ್ಲೇ ಹುಟ್ಟಿ ಬೆಳೆದ ಕನ್ನಡದ ವೈಷ್ಣವರು, ಅಪ್ಪನಿಗೆ ಚೆನ್ನಾಗಿ ಪರಿಚಯ. “ದೊಡ್ಡವರ ಹತ್ರ ಶಂಡೆ ಬೇಡ, ಹೋಗ್ಲಿ ವಿಡು” ಎಂದು ಅಪ್ಪ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಜಗಳ ಬೇಡವೆಂದರು. ನಾನು ಬಿಡಲಿಲ್ಲ. ಹಲ್ಲು ಕಚ್ಚಿಕೊಂಡು ಅದೇ ಮೈಕ್ರೋಸ್ಕೋಪಿನ ಮುಂದೆ ಕೂತು ಕಾದೆ.

ಆ ಗೆರೆಯಿಂದ ಪ್ರೊಫೆಸರಿಗೆ ಕೀರ್ತಿ ಬಂತು. ಕೀರ್ತಿ ಬಂದಮೇಲೆ ಉಪದೇಶ ಶುರುವಾಯಿತು. ಬಾಂಬುಗಳ ಕಾಲ, ಶಾಂತಿಯ ಭಾಷಣಕ್ಕೆ ಎಲ್ಲೆಲ್ಲೂ ಕರೆ. ಅಹಂಕಾರವೇ ಮೊದಲನೆಯ ಬಾಂಬು ಎಂದು ಅವರು ಹೇಳುವಾಗ ಜನ ತಲೆದೂಗುತ್ತಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಅವರ ಕತ್ತನ್ನು ನೋಡುತ್ತಿದ್ದೆ.

ಅರವತ್ತರ ಮೊದಲಲ್ಲಿ ಮದರಾಸಿನ ಅಂಚಿನ ತಿರುವೊಟ್ಟಿಯೂರಿನ ಫ್ಯಾಕ್ಟರಿ ಕೆಲಸಗಾರರು ಅವರನ್ನು ಕರೆದರು. ಅವರಿಗೆ ತಮಿಳು ಚೆನ್ನಾಗಿಯೇ ಬರುತ್ತಿತ್ತು, ಆದರೆ ಅದು ತರಕಾರಿಯವನ ಜೊತೆ ಆಡುವುದಕ್ಕೆ. ವೇದಿಕೆಯ ಮೇಲೆ ಇಂಗ್ಲಿಷೇ ಆಗಬೇಕು. ಅನುವಾದ ಮಾಡಲು ಬಾಯಿಸತ್ತವಳು ಎಂದು ನನ್ನನ್ನೇ ಕರೆದುಕೊಂಡು ಹೋದರು.

ಅರ್ಧ ಭಾಷಣದವರೆಗೆ ಒಂದಕ್ಷರ ಆಚೀಚೆ ಮಾಡಲಿಲ್ಲ. ಆಮೇಲೆ ಅವರು ಕಣ್ಣು ಮುಚ್ಚಿ, ತಾವು ಆ ಗೆರೆಯನ್ನು ಮೊದಲು ಕಂಡ ಮಧ್ಯಾಹ್ನವನ್ನು ಬಣ್ಣಿಸತೊಡಗಿದರು. ನಾನು ಮೈಕಿನಲ್ಲಿ, ನಿಧಾನವಾಗಿ, ಅವರ ಮಾತು ಎಂಬಂತೆ ತಮಿಳಿನಲ್ಲಿ ಹೇಳಿದೆ: ಈ ಗೆರೆಯನ್ನು ಕಂಡವನು ನಾನಲ್ಲ, ನನ್ನ ಶಿಷ್ಯೆ. ನಾನು ಅದನ್ನು ಕೊಳೆ ಎಂದೆ, ಆಮೇಲೆ ನನ್ನ ಹೆಸರು ಹಾಕಿಕೊಂಡೆ. ಅದನ್ನು ಒಪ್ಪಿಕೊಳ್ಳದೆ ಶಾಂತಿಯ ಮಾತಾಡಲು ನನಗೆ ನಾಚಿಕೆಯಾಗುತ್ತದೆ.

ಪ್ರೊಫೆಸರು ಕಣ್ಣು ಬಿಟ್ಟರು. ಅಷ್ಟರಲ್ಲಿ ಚಪ್ಪಾಳೆ ಶುರುವಾಗಿತ್ತು. ಮುಂದೆ ಕೂತಿದ್ದ ಮೀನು ಮಾರುವ ಹೆಂಗಸೊಬ್ಬಳು ಆ ಹುಡುಗಿ ಯಾರು ಎಂದು ಕೂಗಿ ಕೇಳಿದಳು.

“ನಾನ್‌ದಾನ್, ಅಮ್ಮಾ” ಎಂದೆ.

ಚಪ್ಪಾಳೆ ಇನ್ನೂ ಜೋರಾಯಿತು. ಅಲ್ಲಗಳೆಯಬೇಕಾದರೆ ಅವರು ಅಷ್ಟು ಜನರ ಮುಂದೆ ತಮ್ಮ ದೊಡ್ಡತನವನ್ನೇ ಅಲ್ಲಗಳೆಯಬೇಕಿತ್ತು. ಕೈ ಮುಗಿದು ಕೂತರು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ನನ್ನ ಕಡೆ ತಿರುಗಿದರು.

“ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ.”

“ಇಲ್ಲ ಸಾರ್, ನಿಜ ಹೇಳಿಸ್ದೆ. ಅಭ್ಯಾಸ ಇಲ್ಲ, ಅದಕ್ಕೇ ಕಷ್ಟ ಆಗ್ತಿದೆ.”

ತಮಿಳು ಪತ್ರಿಕೆಗಳು ಅವರ ಪ್ರಾಮಾಣಿಕತೆಯನ್ನು ಹಾಡಿ ಹೊಗಳಿದವು. ಇನ್ನು ನನ್ನ ಹೆಸರು ಬಿಟ್ಟು ಲೇಖನ ಬರೆಯಲು ಅವರಿಗೆ ದಾರಿಯಿರಲಿಲ್ಲ. ಪ್ರತಿ ಸಲ ನನ್ನ ಹೆಸರು ಬರೆಯುವಾಗಲೂ ಅವರ ಮುಖ ಹುಳ್ಳಗಾಗುತ್ತಿತ್ತು, ಅದನ್ನು ನೋಡಲೆಂದೇ ನಾನು ಎದುರಿಗೆ ಕೂರುತ್ತಿದ್ದೆ. ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಎಗ್ಮೋರಿನ ಶ್ರದ್ಧಾಂಜಲಿ ಸಭೆಯಲ್ಲಿ ಭಾಷಣಕಾರರೊಬ್ಬರು ತಿರುವೊಟ್ಟಿಯೂರಿನ ಕಥೆ ಹೇಳಿದರು: ಕೀರ್ತಿಯ ಶಿಖರದಲ್ಲಿ ನಿಂತು, ಯಾರೂ ಕೇಳದೆಯೇ, ಶಿಷ್ಯೆಗೆ ಎಲ್ಲವನ್ನೂ ಬಿಟ್ಟುಕೊಟ್ಟ ಮಹಾನುಭಾವ. ಜನ ಕಣ್ಣೊರೆಸಿಕೊಂಡರು. ಗೆರೆ ಕದ್ದದ್ದು ಸಾಲದೆಂದು ನನ್ನ ಸೇಡನ್ನೂ ಅವರೇ ಹೊತ್ತುಕೊಂಡು ಹೋಗಿದ್ದರು. ಮುಂದೆ ನನ್ನ ಸರದಿ. ಎದ್ದು ಮೈಕಿನ ಹತ್ತಿರ ಹೋದೆ. ಈ ಸಲ ನಾನು ಯಾರ ಮಾತನ್ನೂ ಅನುವಾದ ಮಾಡಬೇಕಾಗಿರಲಿಲ್ಲ.